ಕಾಲೇಜು ಮತ್ತು ಊರು

ನಾನೀಗ ನಿಮ್ಮೊಡನೆ ಮಾತನಾಡುತ್ತಿರುವ ಈ ಬಾನುಲಿಗೂ ಕಾಲೇಜಿಗೂ ಹಳೆಯ ನಂಟಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರವೊಂದನ್ನು ಆರಂಭಿಸಿದರು. ‘ಆಕಾಶವಾಣಿ’ಯೆಂದು ಹೆಸರಾದುದು ಆ ಕೇಂದ್ರವೇ. ಮೈಸೂರು ವಿಶ್ವವಿದ್ಯಾನಿಲಯವಂತೂ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿತು. ಅವನ್ನು ಪುಟ್ಟ ಪುಸ್ತಕಗಳಾಗಿ ಅಚ್ಚುಹಾಕಿಸಿತು. ಪೇಟೆಯ ಅಂಗಡಿಗಳಲ್ಲಿ, ಲೆಕ್ಕದ ಪುಸ್ತಕದ ಪಕ್ಕದಲ್ಲಿ, ಅಂಥ ಹೊತ್ತಗೆಗಳನ್ನು ನಾನು ಕಂಡಿದ್ದೇನೆ.

ಇದು ಕಾಲೇಜು ಊರಿಗೆ ಹೇಳಿದ ಮಾತು. ಊರು ಕಾಲೇಜಿಗೆ ಹೇಳುವುದೂ ಇದೆಯಲ್ಲವೆ? ಅದನ್ನು ಕೇಳಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೆಳೆಯಲಿಲ್ಲವೆಂದೇ ನನ್ನ ಎಣಿಕೆ.

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ, 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಪ್ರಾರಂಭವಾಯಿತು. ಆ ಯೋಜನೆಯ ಶಿಬಿರವೊಂದರಲ್ಲಿ ನಾನಿದ್ದೆ. ಹುಡುಗರು ಹತ್ತು ದಿನ ಬೆವರು ಸುರಿಸಿ ಹಳ್ಳಿಯ ಕಲ್ಯಾಣಿಯ ಹೂಳೆತ್ತಿದರು. ಹೊರಡುವ ದಿನ ಹಿರಿಯರೊಬ್ಬರು, ‘ಸ್ವಾಮಿ, ಬರೋ ಮಳೆಗಾಲಕ್ಕೆ ಮತ್ತೆ ಹೂಳು ತುಂಬ್ತದೆ. ಆವಾಗ್ಲೂ ಬರ್ತೀರಾ?’ ಎಂದರು. ಮರುವರ್ಷಕ್ಕೆ ಬೇರೊಂದು ಹಳ್ಳಿ ಆಗಲೇ ಗೊತ್ತಾಗಿತ್ತು. ನೀರು ಯಾವ ದಿಕ್ಕಿನಿಂದ ಮಣ್ಣು ಹೊತ್ತು ತರುತ್ತದೆ, ಎಲ್ಲಿ ಬದು ಹಾಕಿದರೆ ನಿಲ್ಲುತ್ತದೆ ಎಂಬುದನ್ನು ಆ ಹಿರಿಯರು ಬಲ್ಲರು. ಅವರನ್ನು ಕೂರಿಸಿ ಕೇಳುವುದಕ್ಕೆ ಶಿಬಿರದ ವೇಳಾಪಟ್ಟಿಯಲ್ಲಿ ಅರ್ಧ ಗಂಟೆಯೂ ಇರಲಿಲ್ಲ. ಸಂಜೆಯ ವೇಳೆಯೆಲ್ಲ ನೈರ್ಮಲ್ಯವನ್ನು ಕುರಿತ ಭಾಷಣಗಳಿಗೆ ಮೀಸಲಾಗಿತ್ತು! ಒಂದೇ ಹಳ್ಳಿಗೆ ಐದಾರು ವರ್ಷ ಹೋಗುವುದಾದರೆ ಕೇಳಲು ಬಿಡುವು ತಾನಾಗಿ ದೊರೆಯುತ್ತದೆ.

ಇನ್ನು ಪುಸ್ತಕಭಂಡಾರದ ವಿಷಯ. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ತಲೆಯೆತ್ತಿದ್ದು ಅರಟಾಳ ರುದ್ರಗೌಡರಂಥವರು ಜನರಿಂದ ಹಣ ಕೂಡಿಸಿದುದರಿಂದ. ನಮ್ಮ ಎಷ್ಟೋ ಊರುಗಳ ಕಾಲೇಜುಗಳು ಹೀಗೆಯೇ, ವರ್ತಕರ ಮತ್ತು ರೈತರ ಕಾಣಿಕೆಯಿಂದ ಎದ್ದವು. ಕಾಣಿಕೆ ಕೊಟ್ಟವರ ಮೊಮ್ಮಗನೊಬ್ಬ, ವಿದ್ಯಾರ್ಥಿಯಲ್ಲದ ಕಾರಣಕ್ಕೆ, ಒಂದು ನಿಘಂಟನ್ನು ನೋಡಲಾಗದೆ ಬಾಗಿಲಿನಿಂದ ಹಿಂದಿರುಗಿದ್ದನ್ನು ನಾನು ಬಲ್ಲೆ. ಸಂಜೆ ಎರಡು ಗಂಟೆಗಳ ಕಾಲ ವಾಚನಾಲಯವನ್ನು ಊರಿನವರಿಗೆ ತೆರೆದಿಡಬಾರದೇಕೆ? ಗ್ರಂಥಪಾಲಕರಿಗೆ ಹೆಚ್ಚಿನ ವೇಳೆಯ ಸಂಬಳ ಕೊಡಬೇಕಾಗುತ್ತದೆ, ನಿಜ. ಅದಕ್ಕೆ ಊರಿನವರಿಂದ ಅಲ್ಪ ಶುಲ್ಕ ಪಡೆಯಬಹುದು. ಪುಸ್ತಕಗಳು ಕಳೆದುಹೋಗುತ್ತವೆಂಬ ಆಕ್ಷೇಪವನ್ನು ಅನೇಕ ಸಭೆಗಳಲ್ಲಿ ಕೇಳಿದ್ದೇನೆ. ಕೆಲವು ಹೋದಾವು. ನಾನು ಕಂಡ ಭಂಡಾರಗಳಲ್ಲಿ ಮಾತ್ರ ಕಳುವಾದವಕ್ಕಿಂತ ಗೆದ್ದಲು ತಿಂದವೇ ಹೆಚ್ಚು.