ಊಟದ ಮನೆಯ ಫ್ರೆಂಚ್

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಫ್ರೆಂಚ್ ಬಗ್ಗೆ ಮಾತಾಡುತ್ತೇನೆ ಅಂದಾಗ ಸಂಘಟಕರು ಒಮ್ಮೆ ನನ್ನ ಮುಖ ನೋಡಿದರು. ಆದರೆ ನೀವೆಲ್ಲ ಆಗಲೇ ಸ್ವಲ್ಪ ಫ್ರೆಂಚ್ ಆಡುತ್ತಿದ್ದೀರಿ. ಹೋಟೆಲ್, ಮೆನು, ಆಮ್ಲೆಟ್, ಬಿಸ್ಕತ್ತು ಇವೆಲ್ಲ ಇಂಗ್ಲಿಷಿನ ಕೈ ಹಿಡಿದು ಹೊನ್ನಾಳಿ ಬಸ್ ಸ್ಟ್ಯಾಂಡಿನವರೆಗೆ ಬಂದ ಫ್ರೆಂಚ್ ಪದಗಳು. ಅವರು 'ಓತೆಲ್' ಅನ್ನುತ್ತಾರೆ, ಹಕಾರ ಅವರ ಬಾಯಲ್ಲಿ ಹೊರಡುವುದಿಲ್ಲ. ಹಾಲಿಗೆ 'ಆಲು' ಅನ್ನುವ ಹುಡುಗನನ್ನು ನೋಡಿ ನಗುವವರು ಇದನ್ನು ನೆನಪಿಡಲಿ.

ನನಗೆ ಈ ಭಾಷೆ ಬೇಕಾದದ್ದು ನನ್ನ ಅಕ್ಕನ ದೆಸೆಯಿಂದ. ಅವಳ ಮಗ ತುಲೂಸ್ ಎಂಬ ಊರಿನಲ್ಲಿ ಕೆಲಸಕ್ಕಿದ್ದಾನೆ, ಅಲ್ಲಿಯ ಹುಡುಗಿಯನ್ನೇ ಮದುವೆಯಾದ. ಬೀಗರು ಮೊದಲ ಸಲ ಬಂದಾಗ ಅಕ್ಕ ಮೂರು ದಿನ ಅಡುಗೆಮನೆ ಬಾಗಿಲು ದಾಟಲಿಲ್ಲ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ ಎಲ್ಲ ಅವಳ ಕೈಯದೇ. ಮಾತು ಮಾತ್ರ ಮಗನ ಬಾಯಿಂದ. ಅವನು ಫೋನು ಹಿಡಿದು ಹೊರಗೆ ಹೋದರೆ ಮನೆಯೇ ಮೌನ. "ನನ್ನ ಮನೇಲಿ ನಾನೇ ಹೊರಗಿನೋಳು ಆದೆ ಕಣೋ" ಅಂದಳು.

ಆ ಮೂರು ದಿನದಲ್ಲಿ ಇನ್ನೊಂದು ಆಯಿತು. ಬೀಗಿತ್ತಿಗೆ ಅಕ್ಕ ಎರಡನೇ ರೊಟ್ಟಿ ಚಾಚಿದಳು. ಆಕೆ ನಕ್ಕು 'ಮೆರ್ಸಿ' ಅಂದರು. ಮೆರ್ಸಿ ಅಂದರೆ ಥ್ಯಾಂಕ್ಸ್ ಎಂದು ಅಕ್ಕನಿಗೆ ಗೊತ್ತಿತ್ತು, ಹಾಕಿದಳು. ಬಡಿಸುವಾಗ ಬರಿ ಮೆರ್ಸಿ ಅಂದರೆ ಹೆಚ್ಚಾಗಿ 'ಸಾಕು, ಬೇಡ' ಎಂದೇ ಅರ್ಥ. ಬೇಕಾದವರು 'ವಿ, ಅವೆಕ್ ಪ್ಲೆಜೀರ್', ಅಂದರೆ ಹೂಂ, ಸಂತೋಷದಿಂದ, ಅನ್ನುತ್ತಾರೆ. ಮೇಲಾಗಿ ತಟ್ಟೆಯಲ್ಲಿ ಬಿಡದೆ ತಿನ್ನುವುದು ಅವರಲ್ಲಿ ಮರ್ಯಾದೆ. ಖಾಲಿ ಎಲೆ ಕಂಡರೆ ಬಡಿಸುವುದು ನಮ್ಮಲ್ಲಿ ಮರ್ಯಾದೆ. ಎರಡು ಮರ್ಯಾದೆ ಸೇರಿ ಆ ತಾಯಿ ನಾಲ್ಕು ರೊಟ್ಟಿ ತಿಂದರು.

ಅವರು ಹೋದ ಮೇಲೆ ಅಕ್ಕನಿಗೆ ನಾನು ಕನ್ನಡ ಅಕ್ಷರದಲ್ಲೇ ಒಂದು ಚೀಟಿ ಬರೆದುಕೊಟ್ಟೆ. ಬಂದವರಿಗೆ 'ಬೋಂಜೂರ್'. ಕೂರಿಸಲು 'ಅಸೆಯೆ ವೂ'. ನೀರು ಬೇಕೇ ಎನ್ನಲು 'ದ ಲೋ?' ಎಲ್ಲರಿಗೂ ಬಡಿಸಿಯಾದ ಮೇಲೆ 'ಬೊನಪೆತೀ', ಹಸಿವು ಚೆನ್ನಾಗಿರಲಿ ಎಂಬ ಹಾರೈಕೆ. ನೀವೇ ಹಾಕಿಕೊಳ್ಳಿ ಎನ್ನಲು 'ಸೆರ್ವೆ ವೂ'. ಇನ್ನೂ ಸ್ವಲ್ಪ ಹಾಕಲೇ ಎನ್ನಲು 'ಆಂಕೋರ್ ಅಂ ಪ್ಯೂ?' ಅಕ್ಕನಿಗೆ ಅತಿ ಇಷ್ಟವಾದದ್ದು ಇದೇ. ನಮ್ಮ ಚಟ್ನಿಯ ಮುಂದೆ ತಪ್ಪದೆ ಹೇಳಬೇಕಾದದ್ದು 'ಸೆ ಪೀಕಾಂ', ಇದು ಖಾರ. ಅವರು 'ಸೆ ತ್ರೆ ಬೋಂ' ಅಂದರೆ ತುಂಬಾ ಚೆನ್ನಾಗಿದೆ ಎಂದು.

ಒಂದು ವಿಷಯದಲ್ಲಿ ನಮಗೆ ಇಂಗ್ಲಿಷಿಗಿಂತ ಫ್ರೆಂಚ್ ಸುಲಭ. ನಮ್ಮ ನೀನು, ನೀವು ಇದ್ದಂತೆ ಅವರಲ್ಲಿ 'ತ್ಯು' ಮತ್ತು 'ವೂ' ಇವೆ. ಬೀಗರಿಗೆ ವೂ, ಮೊಮ್ಮಗುವಿಗೆ ತ್ಯು. ಇಂಗ್ಲಿಷ್ ಬಲ್ಲ ನನ್ನ ಮಗನಿಗೆ ಇದನ್ನು ವಿವರಿಸಬೇಕಾಯಿತು, ಅಕ್ಕನಿಗೆ ಬೇಕಾಗಲಿಲ್ಲ.

ಇದೆಲ್ಲ ಬೆಂಗಳೂರಿನವರಿಗೆ ಮಾತ್ರ ಎಂದು ಮಕ್ಕಳು ತಿಳಿಯಬಾರದು. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ತರಗತಿಗಳಿವೆ, ನಿಜ. ಆದರೆ ನಮ್ಮ ನೆರೆಯ ಹಾವೇರಿಯಿಂದ ಹೋದ ವಸುಂಧರಾ ಫಿಲಿಯೋಜಾ ಅವರು ವಿಜಯನಗರದ ಆರಂಭ ಕಾಲದ ಶಾಸನಗಳ ಮೇಲೆ ಬರೆದ ಗ್ರಂಥ 1973ರಲ್ಲಿ ಫ್ರೆಂಚ್ ಭಾಷೆಯಲ್ಲೇ ಪ್ರಕಟವಾಯಿತು. ಹಂಪಿಯ ವಿಠ್ಠಲ ದೇವಾಲಯದ ಬಗ್ಗೆ ಪತಿ, ಸಂಸ್ಕೃತ ವಿದ್ವಾಂಸ ಪಿಯೆರ್ ಸಿಲ್ವೆನ್ ಫಿಲಿಯೋಜಾ ಅವರ ಜೊತೆಗೂಡಿ ಬರೆದರು. ನಮ್ಮ ಕಲ್ಲಿನ ಮೇಲಿನ ಕನ್ನಡವನ್ನು ಆ ದೇಶಕ್ಕೆ ಓದಿ ಹೇಳಿದ್ದು ಹಾವೇರಿಯ ಹೆಣ್ಣುಮಗಳು.

ಬೀಗರು ಎರಡನೇ ಸಲ ಬಂದಾಗ ಅಕ್ಕ ಬಾಗಿಲಲ್ಲಿ ನಿಲ್ಲಲಿಲ್ಲ, ಬೀಗಿತ್ತಿಯ ಪಕ್ಕದಲ್ಲೇ ಕೂತಳು. ಉಚ್ಚಾರ ಸರಿಯಿತ್ತು ಎಂದು ನಾನು ಹೇಳಲಾರೆ. ಬೀಗಿತ್ತಿಗೆ ಅರ್ಥವಾಯಿತು, ಅವರು ಅಲ್ಲಲ್ಲೇ ತಿದ್ದಿದರು, ಪ್ರತಿಯಾಗಿ 'ಸಾಕು' ಎಂಬ ಮಾತನ್ನು ಕಲಿತರು. ಅದು ಅವರಿಗೆ ತುರ್ತಾಗಿ ಬೇಕಿತ್ತು.

ಆ ಚೀಟಿಯ ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಅಕ್ಷರ ನೋಡಿ ಓದಿದರೆ ಸಾಲದು, ಮೊಬೈಲಿನಲ್ಲಿ ಅವರ ಧ್ವನಿ ಕೇಳಿ ಅದೇ ರಾಗದಲ್ಲಿ ಹೇಳಬೇಕು. ಹತ್ತನೇ ತರಗತಿಯವರು ಪರೀಕ್ಷೆ ಮುಗಿದ ಮೇಲೆ ನೋಡಿ, ಈಗ ಬೇಡ. ಅಡುಗೆಯವರು ಆಗಲೇ ಎರಡು ಸಲ ಇಣುಕಿ ನೋಡಿದ್ದಾರೆ, ಎಲೆ ಹಾಕಿದಂತಿದೆ. ಬೊನಪೆತೀ.