ವಯಸ್ಸಾದ ಗಂಡಸರ ಮೂತ್ರದ ತೊಂದರೆಯೂ ರಕ್ತಪರೀಕ್ಷೆಯ ಅಂಕಿಯೂ

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಅಂಗಡಿ ಬಾಡಿಗೆ, ತೆರಿಗೆ ಇವುಗಳ ಬಗ್ಗೆ ನಾವು ಗಂಟಲು ಬಿಚ್ಚಿ ಮಾತನಾಡುತ್ತೇವೆ. ಆದರೆ ಐವತ್ತು ದಾಟಿದವನು ರಾತ್ರಿ ಮೂರು ನಾಲ್ಕು ಸಲ ಎದ್ದು ಮೂತ್ರಕ್ಕೆ ಹೋಗಬೇಕಾಗಿ ಬಂದರೆ ಆ ಮಾತನ್ನು ಹೆಂಡತಿಯ ಮುಂದೆಯೂ ಎತ್ತುವುದಿಲ್ಲ. ನಾಚಿಕೆ! ಅದೇ ಮನುಷ್ಯ ಆಸ್ಪತ್ರೆಯ ಚೀಟಿಯಲ್ಲಿ ಒಂದು ಅಂಕಿ ಹೆಚ್ಚಾಗಿ ಬಂದೊಡನೆ ಕ್ಯಾನ್ಸರೆಂದೇ ತಿಳಿದು ಊಟ ನಿದ್ದೆ ಬಿಡುತ್ತಾನೆ. ಈ ನಾಚಿಕೆಯೂ ಬೇಡ, ಆ ಹೆದರಿಕೆಯೂ ಬೇಡ ಎಂಬುದೇ ನಾನು ಇಂದು ಹೇಳಬಯಸುವ ಮಾತು.

ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಎಂಬ ಗ್ರಂಥಿಯಿದೆ. ಇದು ಗಂಡಸರಿಗೆ ಮಾತ್ರ ಇರತಕ್ಕದ್ದು. ತರುಣರಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟು, ಸುಮಾರು 20 ಗ್ರಾಂ ತೂಗುತ್ತದೆ. ಮೂತ್ರ ಹೊರಬರುವ ನಾಳವು ಇದರ ನಡುವೆಯೇ ಹಾದುಹೋಗುತ್ತದೆ. ವಯಸ್ಸಾದಂತೆ ಗ್ರಂಥಿ ಬೆಳೆಯುತ್ತದೆ. ಬೆಳೆದು ನಾಳವನ್ನು ಒತ್ತುತ್ತದೆ. ಅರವತ್ತರ ಹೊತ್ತಿಗೆ ಹೆಚ್ಚು ಕಡಿಮೆ ಅರ್ಧದಷ್ಟು ಗಂಡಸರಲ್ಲಿ, ಎಂಬತ್ತೈದು ದಾಟಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಇದು ಬೆಳೆದಿರುತ್ತದೆ. ಧಣಿಯನ್ನೂ ಬಿಡುವುದಿಲ್ಲ, ಆಳನ್ನೂ ಬಿಡುವುದಿಲ್ಲ. ಈ ಬೆಳವಣಿಗೆ ಕ್ಯಾನ್ಸರಲ್ಲ. ಮುಂದೆ ಕ್ಯಾನ್ಸರಾಗಿ ಮಾರ್ಪಡುವುದೂ ಇಲ್ಲ. ಆದರೆ ಒಬ್ಬನಲ್ಲೇ ಎರಡೂ ಇರಬಹುದು. ಗೊಂದಲಕ್ಕೆ ಮೂಲ ಇಲ್ಲಿದೆ.

ಧಾರೆ ಸಣ್ಣದಾಗುವುದು, ತಿಣುಕಬೇಕಾಗುವುದು, ಹೋಗಿ ಬಂದರೂ ಇನ್ನೂ ಉಳಿದಿದೆ ಎನ್ನಿಸುವುದು, ಇವು ಲಕ್ಷಣಗಳು. ಅಲಕ್ಷ್ಯ ಮಾಡಿದರೆ ಒಂದು ದಿನ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು, ಮೂತ್ರಪಿಂಡಗಳೂ ಕೆಡಬಹುದು. ನೆಗಡಿಗೆಂದು ಅಂಗಡಿಯಿಂದ ತಂದು ನುಂಗುವ ಕೆಲವು ಮಾತ್ರೆಗಳೂ ಹೀಗೆ ಕಟ್ಟಿಸಬಲ್ಲವು.

ಇನ್ನು ರಕ್ತಪರೀಕ್ಷೆ. ಈ ಗ್ರಂಥಿ ತಯಾರಿಸುವ ಒಂದು ಪ್ರೋಟೀನು ಸ್ವಲ್ಪ ಸ್ವಲ್ಪ ರಕ್ತಕ್ಕೆ ಸೇರುತ್ತದೆ. ಅದನ್ನು ಪಿ.ಎಸ್.ಎ. ಎನ್ನುತ್ತಾರೆ. ಅಮೆರಿಕದಲ್ಲಿ 1986ರಲ್ಲಿ ಈ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿದ್ದು, ಕ್ಯಾನ್ಸರೆಂದು ಆಗಲೇ ತಿಳಿದವರ ಮೇಲೆ ನಿಗಾ ಇಡುವುದಕ್ಕೆ. ರೋಗ ಪತ್ತೆಗೆ ಸಹಾಯವಾಗಿ ಬಳಸಲು ಒಪ್ಪಿಗೆ ಬಂದುದು 1994ರಲ್ಲಿ. ಮಿಲಿಲೀಟರಿಗೆ 4 ನ್ಯಾನೋಗ್ರಾಂ ಎಂಬುದನ್ನು ಗೆರೆಯೆಂದು ಇಟ್ಟುಕೊಂಡರು.

ಈ ಗೆರೆ ಕಲ್ಲಿನ ಗೋಡೆಯೇ? ಅಲ್ಲ. ಗ್ರಂಥಿ ಬರಿದೆ ಬೆಳೆದಿದ್ದರೂ ಅಂಕಿ ಏರುತ್ತದೆ. ಮೂತ್ರದಲ್ಲಿ ಸೋಂಕಿದ್ದರೂ, ಮೂತ್ರ ಕಟ್ಟಿ ನಳಿಗೆ ಹಾಕಿದ್ದರೂ ಏರುತ್ತದೆ. 4ರಿಂದ 10ರೊಳಗೆ ಬಂದವರಿಗೆ ಸೂಜಿಯಿಂದ ಚೂರು ತೆಗೆದು ನೋಡಿದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಸಿಗುತ್ತದೆ. ಇತ್ತ 4ಕ್ಕಿಂತ ಕಡಿಮೆ ಇದ್ದವರನ್ನೂ ಹಾಗೆಯೇ ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರಲ್ಲಿಯೂ ನೂರಕ್ಕೆ 15 ಮಂದಿಗೆ ಕ್ಯಾನ್ಸರ್ ಇತ್ತು. ಒಂದು ದಿನದ ಕಿರ್ದಿ ನೋಡಿ ಅಂಗಡಿ ದಿವಾಳಿಯೆಂದು ಯಾವ ವ್ಯಾಪಾರಿ ತೀರ್ಮಾನಿಸುತ್ತಾನೆ?

ಪ್ರಾಸ್ಟೇಟಿನ ಇಂಥ ಪದಾರ್ಥವೊಂದನ್ನು 1970ರಲ್ಲಿ ಗುರುತಿಸಿದ ವಿಜ್ಞಾನಿ ರಿಚರ್ಡ್ ಆಬ್ಲಿನ್ ಅವರೇ, ಕಂಡಕಂಡ ಗಂಡಸರಿಗೆಲ್ಲ ಈ ಪರೀಕ್ಷೆ ಮಾಡುವುದು ಲಾಭಕ್ಕಾಗಿ ನಡೆದಿರುವ ಅನಾಹುತವೆಂದು 2010ರಲ್ಲಿ ಬರೆದರು. ಹಾಗೆಂದು ಪರೀಕ್ಷೆ ವ್ಯರ್ಥವೆಂದು ನಾನು ಹೇಳುವುದಿಲ್ಲ. ಯುರೋಪಿನಲ್ಲಿ 23 ವರ್ಷ ನಡೆದ ಅಧ್ಯಯನದ ವರದಿ 2025ರಲ್ಲಿ ಬಂದಿದೆ. ಪರೀಕ್ಷೆಗೆ ಕರೆದ ಪ್ರತಿ 456 ಗಂಡಸರಿಗೆ ಒಬ್ಬನಂತೆ ಈ ಕ್ಯಾನ್ಸರಿನ ಸಾವು ತಪ್ಪಿತು. ಲಾಭವುಂಟು, ಆದರೆ ಅಳತೆಯಲ್ಲುಂಟು.

ಆದುದರಿಂದ ರಕ್ತ ಕೊಡುವ ಮುಂಚೆ ಕೇಳಿರಿ: ಈ ಪರೀಕ್ಷೆ ನನಗೇಕೆ? ಅಂಕಿ ಹೆಚ್ಚು ಬಂದರೆ ಮುಂದೇನು? ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಇದ್ದರೆ ತಪ್ಪದೆ ಹೇಳಿರಿ. ಗ್ರಂಥಿ ಕುಗ್ಗಿಸಲು ಫಿನಾಸ್ಟರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿರಿ. ಆರು ತಿಂಗಳಿಂದ ವರ್ಷದೊಳಗೆ ಅದು ಅಂಕಿಯನ್ನು ಅರ್ಧಕ್ಕೆ ಇಳಿಸುತ್ತದೆ, ಎಂದರೆ ಚೀಟಿಯಲ್ಲಿ 3 ಕಂಡರೆ ಅದನ್ನು 6 ಎಂದು ಓದಬೇಕು. ಅಂಕಿ ಏರಿದ್ದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡಿಸಿರಿ. ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿದರೆ ಮಾತ್ರ ಒಂದು ದಿನವೂ ಕಾಯಬೇಡಿರಿ.

ಕ್ಯಾನ್ಸರೇ ಆದರೂ, ಗ್ರಂಥಿಯೊಳಗೇ ಇದ್ದರೆ ಯೋಚಿಸಲು ಕಾಲಾವಕಾಶವುಂಟು. ಅಂಥ 1643 ಮಂದಿಯನ್ನು ಬ್ರಿಟನ್ನಿನಲ್ಲಿ ಸುಮಾರು 15 ವರ್ಷ ಗಮನಿಸಿದರು. ಕೆಲವರಿಗೆ ಶಸ್ತ್ರಚಿಕಿತ್ಸೆ, ಕೆಲವರಿಗೆ ವಿಕಿರಣ, ಉಳಿದವರಿಗೆ ಬರಿಯ ನಿಗಾ. ಮೂರು ಗುಂಪಿನಲ್ಲೂ ನೂರಕ್ಕೆ ಸುಮಾರು 97 ಮಂದಿ ಈ ರೋಗದಿಂದ ಸಾಯಲಿಲ್ಲವೆಂದು 2023ರ ವರದಿ ಹೇಳುತ್ತದೆ.

ಕ್ಯಾನ್ಸರಲ್ಲದ ಬರಿಯ ಬೆಳವಣಿಗೆಗಂತೂ ಸುಲಭ ಉಪಾಯಗಳಿವೆ. ಸಂಜೆಯ ಮೇಲೆ ಚಹಾ ಕಡಿಮೆ ಮಾಡುವುದು, ಮಲಗುವ ಮುಂಚೆ ನೀರು ಮಿತಗೊಳಿಸುವುದು, ನಾಳದ ಬಿಗಿ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ. ಈ ಮಾತ್ರೆ ತೆಗೆದುಕೊಳ್ಳುವವರು ಹಾಸಿಗೆಯಿಂದ ನಿಧಾನವಾಗಿ ಏಳಬೇಕು, ತಲೆ ಸುತ್ತೀತು. ಇವು ಸಾಲದಿದ್ದರೆ ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ಮಾಡುವ ಶಸ್ತ್ರಚಿಕಿತ್ಸೆಯಿದೆ.

ಕೊನೆಯದಾಗಿ ಒಂದು ಮಾತು. ಮಗ್ಗ ಬಿಟ್ಟು ಹೋಗಲಾರದೆ, ಗಲ್ಲಾ ಬಿಟ್ಟು ಏಳಲಾರದೆ ಮೂತ್ರ ತಡೆದು ಕೂರುವವರು ಇಲ್ಲಿಯೇ ಎಷ್ಟು ಮಂದಿ ಇದ್ದೀರಿ! ಕಾರ್ಖಾನೆಯಲ್ಲಿ ಸಾಕಷ್ಟು ಶೌಚಾಲಯ, ಮೂತ್ರಾಲಯ ಇರಲೇಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಪೇಟೆಯಲ್ಲಿ ಮೂತ್ರಾಲಯ ಬೇಕೆಂದು ಕೇಳುವುದೂ, ಪಾಳಿಯ ನಡುವೆ ಐದು ನಿಮಿಷ ಬಿಡುವು ಕೇಳುವುದೂ ನಾಚಿಕೆಯ ಮಾತಲ್ಲ. ಕೂಲಿಯ ಮಾತಿನಷ್ಟೇ ಗಟ್ಟಿಯಾಗಿ ಇದನ್ನೂ ಕೇಳೋಣ. ನಾಳೆ ಬೆಳಿಗ್ಗೆ ನಿಮ್ಮಲ್ಲಿ ಒಬ್ಬರಾದರೂ ವೈದ್ಯರ ಬಳಿ ಹೋಗಿ ಇಷ್ಟು ದಿನ ಮುಚ್ಚಿಟ್ಟುದನ್ನು ಹೇಳಿಕೊಂಡರೆ ನಾನು ಇಲ್ಲಿ ಬಂದುದು ಸಾರ್ಥಕ.