ಒಂದು ಗಣಕಯಂತ್ರ, ಎರಡು ಜಾಲ



ಕಾಸರಗೋಡಿನ ಮಳೆಗಾಲದಲ್ಲಿ ಅಡಿಕೆ ಮರವೊಂದು ಕೇಬಲಿನ ಮೇಲೆ ಉರುಳಿದರೆ ಶಾಲೆಯ ಅಂತರ್ಜಾಲ ಸಂಪರ್ಕ ಅಂದಿಗೆ ನಿಂತಂತೆಯೇ. ಅದು ಪರೀಕ್ಷಾ ನೋಂದಣಿಯ ಕೊನೆಯ ದಿನವಾಗಿದ್ದರೆ ಕನ್ನಡ ಮಾಧ್ಯಮದ ಮಗುವೊಂದರ ಹೆಸರು ಪಟ್ಟಿಯಿಂದ ಹೊರಗುಳಿಯಬಹುದು. ಆದುದರಿಂದ ಬ್ರಾಡ್‌ಬ್ಯಾಂಡ್ ತಂತಿಯೊಂದಿಗೆ ಮೊಬೈಲ್ ಫೋನಿನ ಹಾಟ್‌ಸ್ಪಾಟನ್ನೂ ಅದೇ ಗಣಕಯಂತ್ರಕ್ಕೆ ಜೋಡಿಸಿಡುವುದು ವಿವೇಕದ ಏರ್ಪಾಡು.

ಎರಡು ಜಾಲ ಸೇರಿದರೆ ವೇಗ ಇಮ್ಮಡಿಯಾಗುತ್ತದೆಂಬ ನಂಬಿಕೆಯುಂಟು. ಅದು ಸರಿಯಲ್ಲ. ಹೊರಗೆ ಹೋಗುವ ಮಾಹಿತಿಗೆ ಗಣಕಯಂತ್ರವು ಸಾಮಾನ್ಯವಾಗಿ ಒಂದೇ ಹೆಬ್ಬಾಗಿಲನ್ನು ಆರಿಸುತ್ತದೆ. ಪ್ರತಿ ದಾರಿಗೂ ಮೆಟ್ರಿಕ್ ಎಂಬ ಸಂಖ್ಯೆಯಿದ್ದು, ಕಡಿಮೆ ಸಂಖ್ಯೆಯ ದಾರಿಗೆ ಮೊದಲ ಮನ್ನಣೆ. ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಉಬುಂಟು ಆಧಾರಿತ ವ್ಯವಸ್ಥೆಯಂಥ ಲಿನಕ್ಸ್‌ಗಳಲ್ಲಿ ಸಾಮಾನ್ಯವಾಗಿ ತಂತಿಗೆ 100, ವೈಫೈಗೆ 600 ಇರುತ್ತದೆ. ಆದುದರಿಂದ ತಂತಿಯೇ ಮುಂದು. ಫೋನನ್ನು ಯುಎಸ್‌ಬಿ ಮೂಲಕ ಜೋಡಿಸಿದರೆ ಅದೂ ತಂತಿಜಾಲವೆಂದೇ ಎಣಿಕೆಯಾಗುವುದರಿಂದ, ಬದಲಿ ದಾರಿಗೆ ವೈಫೈ ಹಾಟ್‌ಸ್ಪಾಟೇ ಲೇಸು. ಟರ್ಮಿನಲ್ಲಿನಲ್ಲಿ 'ಐಪಿ ರೂಟ್', ವಿಂಡೋಸಿನಲ್ಲಿ 'ರೂಟ್ ಪ್ರಿಂಟ್' ಆಜ್ಞೆಗಳು ಈ ದಾರಿಗಳ ಪಟ್ಟಿಯನ್ನು ತೋರಿಸುತ್ತವೆ.

ಮುಖ್ಯವಾದ ತೊಡಕು ಇನ್ನೊಂದಿದೆ. ಶಾಲೆಯ ಒಳಗಿನ ತಂತಿ ಕಿತ್ತರೆ ಗಣಕಯಂತ್ರವು ಕೂಡಲೇ ಎರಡನೆಯ ದಾರಿಗೆ ಹೊರಳುತ್ತದೆ. ಆದರೆ ಕೇಬಲ್ ತುಂಡಾದದ್ದು ರಸ್ತೆಯಲ್ಲಾದರೆ, ರೌಟರಿನ ದೀಪ ಉರಿಯುತ್ತಲೇ ಇರುತ್ತದೆ; ಗಣಕಯಂತ್ರವು ಹಲವೊಮ್ಮೆ ಮುಚ್ಚಿದ ದಾರಿಗೇ ಮಾಹಿತಿಯನ್ನು ಕಳುಹಿಸುತ್ತಿರುತ್ತದೆ. ಆಗ ತಂತಿಯನ್ನು ಕೈಯಾರೆ ಕಳಚುವುದೇ ಸುಲಭದ ಪರಿಹಾರ. ದಾರಿ ಬದಲಾದಾಗ ಯಂತ್ರದ ಜಾಲವಿಳಾಸವೂ ಬದಲಾಗುವುದರಿಂದ ಅರ್ಧಕ್ಕೆ ಬಂದಿದ್ದ ಅಪ್‌ಲೋಡ್ ಕಡಿದುಹೋಗಬಹುದು, ಪುನಃ ಲಾಗಿನ್ ಆಗಬೇಕಾಗಬಹುದು. ಅರ್ಜಿಯನ್ನು ಭಾಗಭಾಗವಾಗಿ ಉಳಿಸಿಕೊಳ್ಳುತ್ತ ಹೋದವರಿಗೆ ನಷ್ಟ ಕಡಿಮೆ.

ಎರಡೂ ಜಾಲಗಳು 192.168.1 ಎಂದು ಆರಂಭವಾಗುವ ವಿಳಾಸಗಳನ್ನೇ ಕೊಡುತ್ತಿದ್ದರೆ ಗೊಂದಲವಾದೀತು. ರೌಟರಿನಲ್ಲಿ ಮೂರನೆಯ ಅಂಕಿಯನ್ನು ಬದಲಿಸಿಕೊಳ್ಳಬೇಕು. ಎರಡು ಜಾಲಗಳನ್ನು 'ಬ್ರಿಡ್ಜ್' ಮಾಡಿ ಒಂದಾಗಿಸಲೂ ಬಾರದು. ಅದರಿಂದ ಶಾಲೆಯ ಒಳಜಾಲ ಹೊರಗಿನವರಿಗೆ ತೆರೆದುಕೊಳ್ಳುವ ಅಪಾಯವಿದೆ.

ಇವೆಲ್ಲವನ್ನೂ ನೋಂದಣಿಯ ಕೊನೆಯ ದಿನ ಕಲಿಯಹೊರಟರೆ ತಡವಾಗುತ್ತದೆ. ಜೂನ್ ತಿಂಗಳಲ್ಲಿ ಶಾಲೆ ತೆರೆದ ವಾರವೇ ಅಧ್ಯಾಪಕರು ಒಮ್ಮೆ ತಂತಿಯನ್ನು ಕಳಚಿ, ಹಾಟ್‌ಸ್ಪಾಟಿನ ಮೂಲಕ ಒಂದು ಪುಟ ತೆರೆಯುವುದೇ ಎಂದು ಪರೀಕ್ಷಿಸಲಿ. ಮಾಡಿದ ಕ್ರಮವನ್ನು ಕನ್ನಡದಲ್ಲಿ ಬರೆದು ಯಂತ್ರದ ಪಕ್ಕದಲ್ಲಿ ಅಂಟಿಸಿದರೆ, ಗಣಕಯಂತ್ರ ಬಲ್ಲ ಅಧ್ಯಾಪಕರು ರಜೆಯಲ್ಲಿದ್ದ ದಿನವೂ ಕೆಲಸ ನಿಲ್ಲದು.